ಬಡವರ ಮನೆಯ ಮಕ್ಕಳಿಗೂ ಬೊಜ್ಜು ಬರುತ್ತದೆಯೇ?

ಮಕ್ಕಳ ಆರೋಗ್ಯ: ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಮಕ್ಕಳ ವೈದ್ಯೆಯ ಉತ್ತರ

ಕಳೆದ ಸಂಚಿಕೆಯಲ್ಲಿ ಶಾಲಾ ಮಕ್ಕಳ ತೂಕದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಉತ್ತರವಾಗಿ ಬಂದ ಪತ್ರಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಮಹಡಿ ಮನೆಗಳಿಂದಲೂ ಬಂದಿವೆ, ಒಂದೇ ಕೋಣೆಯ ಬಾಡಿಗೆ ಮನೆಗಳಿಂದಲೂ ಬಂದಿವೆ. ನಾನು ವೈದ್ಯಕೀಯ ಓದುತ್ತಿದ್ದ ಕಾಲದಲ್ಲಿ ಈ ಎರಡು ಬಗೆಯ ಮನೆಗಳವರು ಒಂದೇ ಪ್ರಶ್ನೆ ಕೇಳುತ್ತಿರಲಿಲ್ಲ. ಆದ್ದರಿಂದ ಈ ಬಾರಿ ಬೇರೆ ವಿಷಯಗಳನ್ನು ಬದಿಗಿಟ್ಟು ಇದಕ್ಕಷ್ಟೇ ಉತ್ತರಿಸುತ್ತೇನೆ. ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿಕೊಂಡಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ಎತ್ತರ 146 ಸೆಂ.ಮೀ., ತೂಕ 58 ಕಿಲೋ. ಶಾಲೆಗೆ ವ್ಯಾನಿನಲ್ಲಿ ಹೋಗಿ ಬರುತ್ತಾನೆ, ಸಂಜೆ ಟ್ಯೂಷನ್ ಇರುತ್ತದೆ. ‘ಮೈಕೈ ತುಂಬಿಕೊಂಡು ಚೆನ್ನಾಗಿದ್ದಾನೆ, ದೃಷ್ಟಿ ಹಾಕಬೇಡಿ’ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಕುತ್ತಿಗೆಯ ಹಿಂಭಾಗ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಥೈರಾಯ್ಡ್ ಇರಬಹುದೇ? ಅನ್ನವನ್ನು ಪೂರ್ತಿ ಬಿಡಿಸಬೇಕೇ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಆ ಕುತ್ತಿಗೆಯನ್ನು ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಅದು ಕೊಳೆಯಲ್ಲ. ದೇಹದಲ್ಲಿ ಕೊಬ್ಬು ಮಿತಿಮೀರಿದಾಗ ಇನ್ಸುಲಿನ್ ಮಾಡಬೇಕಾದ ಕೆಲಸ ಸರಿಯಾಗಿ ನಡೆಯುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಹೆಚ್ಚಾದ ಆ ಇನ್ಸುಲಿನ್ನಿನಿಂದ ಕುತ್ತಿಗೆ, ಕಂಕುಳುಗಳ ಚರ್ಮ ದಪ್ಪಗಾಗಿ, ಮಖಮಲ್ಲಿನಂತೆ ಕಪ್ಪಾಗುತ್ತದೆ. ವೈದ್ಯರು ಇದನ್ನು ಅಕಾಂಥೋಸಿಸ್ ನೈಗ್ರಿಕಾನ್ಸ್ ಎನ್ನುತ್ತಾರೆ. ಎಷ್ಟೋ ತಾಯಂದಿರು ಕಡಲೆಹಿಟ್ಟು, ನಿಂಬೆಹಣ್ಣು, ಕಡೆಗೆ ಪ್ಯೂಮಿಸ್ ಕಲ್ಲನ್ನೂ ಹಾಕಿ ತಿಕ್ಕಿ, ಮಗುವಿನ ಚರ್ಮ ಕಿತ್ತು ಬಂದ ಮೇಲೆ ನನ್ನ ಬಳಿಗೆ ಕರೆತರುತ್ತಾರೆ. ‘ಸ್ನಾನ ಸರಿಯಾಗಿ ಮಾಡುವುದಿಲ್ಲ’ ಎಂದು ಬೈಸಿಕೊಂಡ ಮಗು ತಲೆ ತಗ್ಗಿಸಿ ಕುಳಿತಿರುತ್ತದೆ. ಮಗನಿಗೆ ಇದು ಅವನ ತಪ್ಪಲ್ಲ ಎಂದು ಹೇಳಿ. ಆಮೇಲೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದು ರಕ್ತದ ಸಕ್ಕರೆ, ಕೊಲೆಸ್ಟ್ರಾಲ್, ಯಕೃತ್ತಿನ ಪರೀಕ್ಷೆಗಳನ್ನು ಮಾಡಿಸಿ. ಮಕ್ಕಳ ಅಳತೆಯ ಪಟ್ಟಿ ಕಟ್ಟಿ ರಕ್ತದೊತ್ತಡವನ್ನೂ ನೋಡಲಿ.

ಥೈರಾಯ್ಡ್ ಬಗ್ಗೆ ಪತ್ರ ಬರೆದವರಲ್ಲಿ ಹೆಚ್ಚಿನವರು ಕೇಳಿದ್ದಾರೆ. ಥೈರಾಯ್ಡ್ ಹಾರ್ಮೋನು ಕಡಿಮೆಯಿರುವ ಮಗು ಸಾಮಾನ್ಯವಾಗಿ ಎತ್ತರದಲ್ಲಿ ಹಿಂದೆ ಬೀಳುತ್ತದೆ. ನಿಮ್ಮ ಮಗನ ಎತ್ತರ ವಯಸ್ಸಿಗೆ ತಕ್ಕಂತಿದೆ. ಆದ್ದರಿಂದ ಕಾರಣ ಅಲ್ಲಿರುವ ಸಾಧ್ಯತೆ ಕಡಿಮೆ. ಅವನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 27 ದಾಟಿದೆ. ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹಾಗೆಯೇ ಹಚ್ಚಬಾರದು, ವಯಸ್ಸಿಗೆ ತಕ್ಕ ನಕ್ಷೆಯಲ್ಲಿ ಗುರುತಿಸಿ ನೋಡಬೇಕು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದವರಿಗಾಗಿ ಇಂಥ ನಕ್ಷೆಗಳನ್ನು ಕೊಟ್ಟಿದೆ. ಅದರ ಪ್ರಕಾರ ನಿಮ್ಮ ಮಗ ಬೊಜ್ಜಿನ ಗೆರೆಯನ್ನು ಸ್ಪಷ್ಟವಾಗಿ ದಾಟಿದ್ದಾನೆ.

ಅನ್ನ ಬಿಡಿಸಬೇಡಿ. ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ಈ ವಯಸ್ಸಿನಲ್ಲಿ ತೂಕ ಏರದಂತೆ ಹಿಡಿದು ನಿಲ್ಲಿಸಿದರೂ ದೊಡ್ಡ ಗೆಲುವೇ. ಎತ್ತರ ಬೆಳೆಯುತ್ತಾ ಹೋಗುವುದರಿಂದ ದೇಹದ ಲೆಕ್ಕ ತಾನಾಗಿಯೇ ಸರಿಹೋಗತೊಡಗುತ್ತದೆ. ಕುಡಿಯುವ ಸಕ್ಕರೆಯಿಂದ ಶುರುಮಾಡಿ. ಕಾಲು ಲೀಟರಿನ ಒಂದು ಬಾಟಲಿ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ದೊಡ್ಡವರಿಗೇ ದಿನಕ್ಕೆ 25 ಗ್ರಾಂನೊಳಗಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪೊಟ್ಟಣದ ಹಣ್ಣಿನ ರಸ, ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿ, ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಟ್ಯೂಷನ್ ಒಂದು ವಿಷಯಕ್ಕೆ ಇಳಿಯಲಿ, ಸಂಜೆ ಒಂದು ಗಂಟೆ ಆಟಕ್ಕೆ ಉಳಿಯಲಿ. ರಾತ್ರಿ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು. ಮಗನ ತಟ್ಟೆಗೆ ಒಂದು ಅಡುಗೆ, ಅಪ್ಪನ ತಟ್ಟೆಗೆ ಇನ್ನೊಂದು ಮಾಡಬೇಡಿ. ಮನೆಯವರೆಲ್ಲ ಒಂದೇ ಊಟ ಮಾಡಿದರೆ ಮಾತ್ರ ಇದು ನಡೆಯುತ್ತದೆ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಬರಗಾಲ, ರೇಷನ್ನಿನ ಸಾಲು, ಬಡಕಲು ಮಕ್ಕಳ ಸಾವು, ಎಲ್ಲವನ್ನೂ ಕಣ್ಣಾರೆ ಕಂಡ ತಲೆಮಾರು ಅವರದು. ತುಂಬಿದ ಮೈ ಅವರಿಗೆ ಅಭಯದಂತೆ ಕಾಣುತ್ತದೆ. ಅವರನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ, ನಕ್ಷೆಯನ್ನು ಅವರಿಗೇ ತೋರಿಸಲು ಹೇಳಿ.

ಪ್ರಶ್ನೆ: ನಾನು ಮೂರು ಮನೆಗಳಲ್ಲಿ ಅಡುಗೆ ಮಾಡುತ್ತೇನೆ. ನಸುಕಿನಲ್ಲಿ ಹೋದರೆ ಬರುವುದು ರಾತ್ರಿಯೇ. ಯಜಮಾನರು ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಮಗಳಿಗೆ ಹದಿನಾಲ್ಕು ವರ್ಷ, ಎತ್ತರ 150 ಸೆಂ.ಮೀ., ತೂಕ 66 ಕಿಲೋ. ಮುಟ್ಟು ಮೂರು ತಿಂಗಳಿಗೊಮ್ಮೆ ಆಗುತ್ತಿದೆ. ನಾವು ಬಡವರು, ತುಪ್ಪ ಬೆಣ್ಣೆ ಕಂಡವರಲ್ಲ. ಕೆಲಸದ ಮನೆಯ ಅಮ್ಮನವರು ಮಗಳನ್ನು ನೋಡಿ, ‘ನಮ್ಮ ಅಡುಗೆಯನ್ನೆಲ್ಲ ಇವಳಿಗೇ ಹೊತ್ತೊಯ್ಯುತ್ತೀಯಾ’ ಎಂದು ಎಲ್ಲರೆದುರು ನಕ್ಕರು. ಬಡವರ ಮಕ್ಕಳಿಗೂ ಬೊಜ್ಜು ಬರುತ್ತದೆಯೇ, ಡಾಕ್ಟರಮ್ಮ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬರುತ್ತದೆ, ತಾಯಿ. ನಿಮ್ಮ ಪತ್ರವನ್ನು ಓದಿ ನನಗೆ ಬಹಳ ಸಂಕಟವಾಯಿತು. ಆ ಅಮ್ಮನವರು ಆಡಿದ್ದು ಕ್ರೂರವಾದ ಮಾತು. ಅದು ಸುಳ್ಳು ಕೂಡ.

ನಾನು ಹತ್ತಿ ಗಿರಣಿ ಕಾರ್ಮಿಕರೊಬ್ಬರ ಮಗಳು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ದಿನಗಳಲ್ಲಿ, ಗಿರಣಿಯ ಸೈರನ್ನಿಗೆ ಏಳುತ್ತಿದ್ದ ಓಣಿಯಲ್ಲಿ ಬೆಳೆದೆ. ನಮ್ಮ ಓಣಿಯಲ್ಲಿ ದಪ್ಪ ಮಕ್ಕಳೇ ಇರಲಿಲ್ಲ. ದಪ್ಪ ಹುಡುಗ ಎಂದರೆ ದಲಾಲಿ ಅಂಗಡಿಯ ಸಾಹುಕಾರರ ಮೊಮ್ಮಗ. ಬೊಜ್ಜಿಗೂ ಹಣಕ್ಕೂ ಇದ್ದ ಆ ನಂಟು ಕಣ್ಣಿಗೆ ಕಾಣುತ್ತಿತ್ತು. ವಿದ್ವಾಂಸರು ಹೇಳಿದ್ದೂ ಅದನ್ನೇ. 1989ರಲ್ಲಿ ಸೋಬಲ್ ಮತ್ತು ಸ್ಟಂಕರ್ಡ್ ಎಂಬ ಇಬ್ಬರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಬಡ ದೇಶಗಳಲ್ಲಿ ಉಳ್ಳವರಿಗೆ ಬೊಜ್ಜು ಹೆಚ್ಚು, ಸಿರಿವಂತ ದೇಶಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಬಡವರಿಗೇ ಹೆಚ್ಚು ಎಂದು ಕಂಡಿತು. ಇಂದು ಇಂಗ್ಲೆಂಡಿನ ಅತಿ ಬಡ ಬಡಾವಣೆಗಳ ಮಕ್ಕಳಲ್ಲಿ ಬೊಜ್ಜು, ಅಲ್ಲಿನ ಅನುಕೂಲಸ್ಥ ಬಡಾವಣೆಗಳ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮ ದೇಶದಲ್ಲಿ ಈಗಲೂ ಪಟ್ಟಣದ ಅನುಕೂಲಸ್ಥರ ಮನೆಗಳಲ್ಲೇ ಇದು ಹೆಚ್ಚು. ಆದರೆ ಅಲ್ಲಿಯೇ ನಿಂತಿಲ್ಲ, ಕೆಳಗಿಳಿಯುತ್ತಿದೆ. ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು ನಾಲ್ಕು ಲಕ್ಷ, 2022ರಲ್ಲಿ ಸುಮಾರು ಒಂದೂಕಾಲು ಕೋಟಿ. ಈ ಒಂದೂಕಾಲು ಕೋಟಿಯೂ ಸಾಹುಕಾರರ ಮೊಮ್ಮಕ್ಕಳಲ್ಲ, ತಾಯಿ.

ಹೀಗೇಕಾಯಿತು? ನಿಮ್ಮ ಮಗಳ ಒಂದು ದಿನವನ್ನು ನಾನು ಊಹಿಸಬಲ್ಲೆ, ಏಕೆಂದರೆ ಅಂಥ ದಿನಗಳ ವಿವರವನ್ನು ನನ್ನ ಕೋಣೆಯಲ್ಲಿ ಪ್ರತಿವಾರ ಕೇಳುತ್ತೇನೆ. ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬರುತ್ತಾಳೆ. ಮನೆಯಲ್ಲಿ ಯಾರೂ ಇಲ್ಲ. ನೀವು ಪ್ರೀತಿಯಿಂದ ಇಟ್ಟುಹೋದ ಹತ್ತು ರೂಪಾಯಿ ಇದೆ. ಅದಕ್ಕೆ ಮೂಲೆಯಂಗಡಿಯಲ್ಲಿ ಎರಡು ಪೊಟ್ಟಣ ಚಿಪ್ಸ್ ಬರುತ್ತದೆ, ಅಥವಾ ಒಂದು ಸಣ್ಣ ಬಾಟಲಿ ತಂಪು ಪಾನೀಯ, ಅಥವಾ ಒಂದು ಕ್ರೀಮ್ ಬನ್ನು. ಹತ್ತು ರೂಪಾಯಿಗೆ ಸೇಬು ಬರುವುದಿಲ್ಲ. ಮೈದಾ, ಸಕ್ಕರೆ, ಪಾಮ್ ಎಣ್ಣೆ, ಈ ಮೂರೂ ಅಗ್ಗ, ಕೆಡುವುದಿಲ್ಲ, ಎಲ್ಲಿಗೆ ಬೇಕಾದರೂ ಸಾಗಿಸಬಹುದು. ಆದ್ದರಿಂದ ಅವು ಜಗತ್ತಿನ ಎಲ್ಲ ಮೂಲೆಯಂಗಡಿಗಳನ್ನೂ ತಲುಪಿವೆ. ಹಣ್ಣು, ತರಕಾರಿ, ಹಾಲು, ಮೊಟ್ಟೆ ಕೆಡುತ್ತವೆ, ದುಬಾರಿಯೂ ಹೌದು. ಹೊಟ್ಟೆ ತುಂಬಿಸುವ ಶಕ್ತಿ ಇಂದು ಅಗ್ಗವಾಗಿದೆ, ಮೈ ಕಟ್ಟುವ ಸತ್ವ ಮಾತ್ರ ಅಗ್ಗವಾಗಿಲ್ಲ. ಕೈ ಬಿಗಿಯಿರುವ ಮನೆಗೆ ಇದರ ಪೆಟ್ಟು ಹೆಚ್ಚು.

ಆಮೇಲೆ ಆಟ. ಒಂದು ಕೋಣೆಯ ಮನೆಯಲ್ಲಿ ಹಗ್ಗದಾಟಕ್ಕೂ ಜಾಗವಿಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಯಾರೂ ಇಲ್ಲದ ಹೊತ್ತಿನಲ್ಲಿ ಬೀದಿಗೆ ಬಿಡಲು ನಿಮಗೆ ಭಯ. ‘ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರು’ ಎಂದು ಹೇಳಿರುತ್ತೀರಿ. ಆ ಭಯಕ್ಕೆ ಕಾರಣವಿದೆ, ನಾನು ಅದನ್ನು ತಪ್ಪೆನ್ನುವುದಿಲ್ಲ. ಬಾಗಿಲು ಹಾಕಿದ ಮೇಲೆ ಉಳಿಯುವುದು ಮೊಬೈಲ್ ಮತ್ತು ಆ ಪೊಟ್ಟಣ.

ಇನ್ನೊಂದು ಕಾರಣ ಹುಟ್ಟುವ ಮೊದಲೇ ಶುರುವಾಗುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ ಅಲ್ಲಿನ ಹಳ್ಳಿಗಳ ಬಸುರಿಯರನ್ನೂ ಅವರ ಮಕ್ಕಳನ್ನೂ ಅಭ್ಯಾಸ ಮಾಡಿತು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಮಕ್ಕಳದು ಸುಮಾರು 3.5 ಕಿಲೋ. ತೂಕ ಇಷ್ಟು ಕಡಿಮೆಯಿದ್ದರೂ ನಮ್ಮ ಮಕ್ಕಳ ಮೈಯಲ್ಲಿ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ, ಕಡಿಮೆಯಾದದ್ದು ಮಾಂಸಖಂಡ. ನಮ್ಮದೇ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಜನನದ ದಾಖಲೆಗಳನ್ನು ಇಟ್ಟುಕೊಂಡು, ಹುಟ್ಟಿನ ತೂಕಕ್ಕೂ ಮುಂದಿನ ಕಾಯಿಲೆಗಳಿಗೂ ಇರುವ ಸಂಬಂಧವನ್ನು ಸಂಶೋಧಕರು ಹುಡುಕಿದ್ದಾರೆ. ತಾಯಿ ಬಸುರಿಯಾಗಿದ್ದಾಗ ಅರೆಹೊಟ್ಟೆ ಉಂಡು, ಹೊರೆ ಹೊತ್ತು ದುಡಿದಿದ್ದರೆ, ಮಗುವಿನ ದೇಹ ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುವ ಅಭ್ಯಾಸದೊಂದಿಗೇ ಹುಟ್ಟುತ್ತದೆ. ಮುಂದೆ ಅದೇ ಮಗುವಿಗೆ ಬನ್ನು, ಚಿಪ್ಸ್, ಕೋಲಾ ಸಿಕ್ಕಿದರೆ ಏನಾಗಬೇಕೋ ಅದು ಆಗುತ್ತದೆ. ನಿಮ್ಮ ಮಗಳ ತೂಕದಲ್ಲಿ ನಿಮ್ಮ ಹಸಿವೂ ಸೇರಿರಬಹುದು. ಇದನ್ನು ಆ ಅಮ್ಮನವರಿಗೆ ಯಾರಾದರೂ ಓದಿ ಹೇಳಲಿ ಎಂದೇ ಇಷ್ಟು ವಿಸ್ತಾರವಾಗಿ ಬರೆದಿದ್ದೇನೆ.

ಈಗ ನಿಮ್ಮ ಕೈಯಲ್ಲಿ ಆಗುವುದನ್ನು ಹೇಳುತ್ತೇನೆ. ಬಾದಾಮಿ, ಓಟ್ಸ್, ಆಲಿವ್ ಎಣ್ಣೆ ಯಾವುದೂ ಬೇಡ. ಆ ಹತ್ತು ರೂಪಾಯಿಯ ಬದಲು ಮನೆಯಲ್ಲಿ ಎರಡು ಡಬ್ಬಿ ಇಟ್ಟುಹೋಗಿ. ಒಂದರಲ್ಲಿ ಪುಟಾಣಿ ಮತ್ತು ಹುರಿದ ಶೇಂಗಾ, ಇನ್ನೊಂದರಲ್ಲಿ ಮಂಡಕ್ಕಿ. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚಿ, ಒಂದು ಚಮಚ ಎಣ್ಣೆಯಷ್ಟೇ ಹಾಕಿ ಅವಳೇ ಕಲಸಿಕೊಳ್ಳಲಿ. ನಮ್ಮ ಊರಿನ ಮಂಡಕ್ಕಿ ಹಗುರ, ಜೊತೆಗೆ ಮಿರ್ಚಿ ಬೇಡ, ಅಷ್ಟೇ. ಬೇಯಿಸಿದ ಒಂದು ಮೊಟ್ಟೆ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಅನ್ನದ ಒಂದು ಸೌಟು ಇಳಿಸಿ, ಸಾರಿಗೆ ಒಂದು ಹಿಡಿ ಬೇಳೆ ಹೆಚ್ಚು ಹಾಕಿ. ಪಡಿತರದ ಅಕ್ಕಿಯನ್ನು ನಾನು ದೂರುವುದಿಲ್ಲ. ಹಸಿವಿನ ಭಯವನ್ನು ಎಷ್ಟೋ ಮನೆಗಳಿಂದ ಓಡಿಸಿದ್ದೇ ಅದು. ಆದರೆ ಬರೀ ಅನ್ನ, ನೀರಾದ ಸಾರು ಸಾಲದು. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪು, ಬದನೆ, ಸೌತೆ ಅಗ್ಗವಾಗುತ್ತವೆ, ಆಗ ಕೊಳ್ಳಿ. ಶಾಲೆಯ ಬಿಸಿಯೂಟವನ್ನು ಮಗಳು ಬಿಡದಂತೆ ನೋಡಿಕೊಳ್ಳಿ. ದೊಡ್ಡವಳಾದೆ ಎಂಬ ನಾಚಿಕೆಗೆ ಹುಡುಗಿಯರು ಮಧ್ಯಾಹ್ನದ ಊಟ ಬಿಟ್ಟು ಸಂಜೆ ಪೊಟ್ಟಣಕ್ಕೆ ಕೈ ಹಾಕುತ್ತಾರೆ.

ಮುಟ್ಟಿನ ವಿಷಯ. ಋತುಮತಿಯಾದ ಮೊದಲ ಎರಡು ಮೂರು ವರ್ಷ ತಿಂಗಳು ಏರುಪೇರಾಗುವುದು ಸಹಜ. ಆದರೆ ತೂಕ ಹೀಗೆ ಹೆಚ್ಚಿದ್ದು, ಮೂರು ತಿಂಗಳಿಗೊಮ್ಮೆ ಆಗುತ್ತಿದೆಯೆಂದರೆ ತೋರಿಸಲೇಬೇಕು. ಖಾಸಗಿ ಆಸ್ಪತ್ರೆಗೆ ಹಣವಿಲ್ಲವೆಂದು ಸುಮ್ಮನಿರಬೇಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್ ಎಲ್ಲಿದೆ ಎಂದು ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿ ಹುಡುಗಿ ತನ್ನ ಮಾತನ್ನು ತಾನೇ ಹೇಳಿಕೊಳ್ಳಬಹುದು.

ಪ್ರಶ್ನೆ: ನಾನು ಗಿರಣಿಯಲ್ಲಿ ದುಡಿದವನು, ಈಗ ವಿಶ್ರಾಂತ. ನಮ್ಮ ಕಾಲದಲ್ಲಿ ಬೆಣ್ಣೆ ದೋಸೆ, ಮಿರ್ಚಿ ಎಲ್ಲವನ್ನೂ ತಿಂದೆವು. ಯಾರಿಗೂ ಈ ಬೊಜ್ಜು ಇರಲಿಲ್ಲ. ಈಗ ಮೊಮ್ಮಗನಿಗೆ ದೋಸೆ ಕೊಡಿಸಿದರೆ ಸೊಸೆ ಬೈಯುತ್ತಾಳೆ. ದಾವಣಗೆರೆಯಲ್ಲಿ ಹುಟ್ಟಿ ಬೆಣ್ಣೆ ದೋಸೆ ತಿನ್ನಬಾರದೇ?
– ಹಿರಿಯ ಓದುಗರು, ನಿಟ್ಟುವಳ್ಳಿ

ಉತ್ತರ: ತಿನ್ನಬಹುದು, ಹಿರಿಯರೇ. ಆದರೆ ನೀವು ಎಷ್ಟು ದಿನಕ್ಕೊಮ್ಮೆ ತಿನ್ನುತ್ತಿದ್ದಿರಿ ಎಂಬುದನ್ನು ನೆನಪು ಮಾಡಿಕೊಳ್ಳಿ. ನಮ್ಮ ತಂದೆ ಸಂಬಳದ ದಿನ ನಮ್ಮನ್ನು ಹೋಟೆಲಿಗೆ ಕರೆದೊಯ್ಯುತ್ತಿದ್ದರು, ತಿಂಗಳಿಗೆ ಅದೊಂದೇ ಸಲ. ಅಂದು ತಿಂದ ಬೆಣ್ಣೆ ಎಂಟು ಗಂಟೆಯ ಪಾಳಿಯಲ್ಲಿ, ಸೈಕಲ್ ತುಳಿತದಲ್ಲಿ ಕರಗಿಹೋಗುತ್ತಿತ್ತು. ನಿಮ್ಮ ಮೊಮ್ಮಗ ಸ್ಕೂಟರಿನಲ್ಲಿ ಕುಳಿತು ಹೋಗಿ, ಕುಳಿತು ತಿಂದು, ಕುಳಿತೇ ಹಿಂದಿರುಗುತ್ತಾನೆ. ಹದಿನೈದು ದಿನಕ್ಕೊಮ್ಮೆ ಕೊಡಿಸಿ, ಹೋಟೆಲಿಗೆ ನಡೆದುಕೊಂಡು ಹೋಗಿ, ಜೊತೆಗೆ ತಂಪು ಪಾನೀಯ ಬೇಡ. ಸೊಸೆಗೂ ಒಂದು ಮಾತು: ಮಕ್ಕಳ ಮೈಯನ್ನು ಕೆಡಿಸುತ್ತಿರುವುದು ಅಪರೂಪಕ್ಕೆ ತಿನ್ನುವ ಬಿಸಿ ದೋಸೆಗಿಂತ ಹೆಚ್ಚಾಗಿ, ದಿನವೂ ಶಾಲೆಯ ಚೀಲದೊಳಗೆ ಹೋಗುವ ಬಿಸ್ಕತ್ತಿನ ಪೊಟ್ಟಣ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮಲ್ಲಿ ಬಡಕಲು ಮಕ್ಕಳೇ ಹೆಚ್ಚು. ಆದರೆ ಇತ್ತೀಚೆಗೆ ಮೂರು ನಾಲ್ಕು ಮಕ್ಕಳು ದಪ್ಪಗಾಗಿದ್ದಾರೆ. ಅವರ ಮನೆಗಳೂ ಕೂಲಿ ಮಾಡುವ ಮನೆಗಳೇ. ಈ ಮಕ್ಕಳಿಗೆ ಮೊಟ್ಟೆ, ಹಾಲು ಕೊಡುವುದನ್ನು ನಿಲ್ಲಿಸಬೇಕೇ? ತರಗತಿಯಲ್ಲಿ ತೂಕ ನೋಡುವಾಗ ಉಳಿದವರು ನಗುತ್ತಾರೆ. ಗೇಟಿನ ಎದುರೇ ಒಂದು ಗೂಡಂಗಡಿ ಇದೆ.
– ಶಿಕ್ಷಕರು, ಮೊಳಕಾಲ್ಮೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಉತ್ತರ: ಮೇಷ್ಟ್ರೇ, ದಯವಿಟ್ಟು ಮೊಟ್ಟೆ ನಿಲ್ಲಿಸಬೇಡಿ. ಒಂದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 75 ಕ್ಯಾಲೊರಿ, ಆರು ಗ್ರಾಂ ಪ್ರೋಟೀನ್ ಇರುತ್ತದೆ, ಹೊಟ್ಟೆಗೆ ತೃಪ್ತಿಯಾಗಿ ಹಸಿವು ತಡವಾಗಿ ಬರುತ್ತದೆ. 2013ರಲ್ಲಿ ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಬಂತು, ಆಮೇಲೆ ಮೊಟ್ಟೆ ಬಂತು, 2024ರಿಂದ ವಾರಕ್ಕೆ ಆರು ದಿನವಾಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುವ ಅತ್ಯುತ್ತಮ ಆಹಾರ ಇದೇ. ದಪ್ಪಗಿರುವ ಮಗುವಿಗೂ ಸತ್ವದ ಕೊರತೆ ಇರುತ್ತದೆ. ಅಂಥ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಕಬ್ಬಿಣಾಂಶ ಕಡಿಮೆಯಿರುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಹಾಲಿಗೆ ಸಕ್ಕರೆ ಸುರಿಯುವುದನ್ನು ಬೇಕಾದರೆ ಎಲ್ಲರಿಗೂ ಕಡಿಮೆ ಮಾಡಿ.

ನಿಮ್ಮ ಒಂದೇ ತರಗತಿಯಲ್ಲಿ ಎರಡೂ ಬಗೆಯ ಮಕ್ಕಳು ಇರುವುದು ಇಂದಿನ ನಿಜವಾದ ಚಿತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇಕಡ 30ರಷ್ಟು ಮಂದಿಗೆ ತೂಕ ಹೆಚ್ಚು. ಇಡೀ ದೇಶದ 10ರಿಂದ 19 ವರ್ಷದವರನ್ನು 2016-18ರಲ್ಲಿ ಅಳೆದಾಗ ಶೇಕಡ 24 ಮಂದಿ ಬಡಕಲು, ಶೇಕಡ 5 ಮಂದಿ ಅಧಿಕ ತೂಕದವರು. ಚಿಕ್ಕಂದಿನಲ್ಲಿ ಕುಂಠಿತಗೊಂಡ ಮಗುವೇ ಮುಂದೆ ಹೊಟ್ಟೆ ಬೆಳೆಸಿಕೊಳ್ಳಲೂಬಹುದು.

ತೂಕವನ್ನು ತರಗತಿಯಲ್ಲಿ ನೋಡಲೇಬೇಡಿ. ಕಚೇರಿಯ ಕೋಣೆಗೆ ಒಬ್ಬೊಬ್ಬರನ್ನೇ ಕರೆಯಿರಿ, ಸಂಖ್ಯೆಯನ್ನು ಜೋರಾಗಿ ಹೇಳದೆ ಬರೆದುಕೊಳ್ಳಿ. ‘ಡುಮ್ಮ’ ಎಂದು ಕರೆದವನನ್ನು ಹೊಡೆಯಬೇಡಿ, ಆದರೆ ಆ ಮಾತು ನಿಮ್ಮ ಶಾಲೆಯಲ್ಲಿ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಲಿ. ಹೀಯಾಳಿಸಿಕೊಂಡ ಮಗು ಮೈದಾನಕ್ಕೆ ಇಳಿಯುವುದನ್ನು ಬಿಟ್ಟುಬಿಡುತ್ತದೆ, ಒಬ್ಬಂಟಿಯಾಗಿ ಕುಳಿತು ಇನ್ನಷ್ಟು ತಿನ್ನುತ್ತದೆ. ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡಕ್ಕೆ ಈ ಮಕ್ಕಳನ್ನು ತಪ್ಪದೆ ತೋರಿಸಿ. ಆ ತಂಡ ಇರುವುದು ಬಡಕಲು ಮಕ್ಕಳಿಗಾಗಿ ಮಾತ್ರ ಎಂಬ ಭಾವನೆ ಬೇಡ.

ಗೂಡಂಗಡಿಯ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಶಾಲೆಯ ಆವರಣದಲ್ಲಿ, ಗೇಟಿನಿಂದ ಸುತ್ತ 50 ಮೀಟರಿನೊಳಗೆ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಮಕ್ಕಳಿಗೆ ಮಾರುವಂತಿಲ್ಲ. ಹಾಗೆಂದು ಪೊಲೀಸರನ್ನು ಕರೆಯಲು ಹೋಗಬೇಡಿ. ಆ ಅಂಗಡಿಯಿಂದಲೂ ಒಂದು ಬಡ ಸಂಸಾರ ಉಣ್ಣುತ್ತಿರುತ್ತದೆ. ಅಂಗಡಿಯವರ ಜೊತೆ ಕುಳಿತು ಮಾತನಾಡಿ. ಶೇಂಗಾ ನಿಮ್ಮ ಸೀಮೆಯ ಬೆಳೆ. ಬೇಯಿಸಿದ ಶೇಂಗಾ, ಪೇರಲ, ನೆಲ್ಲಿಕಾಯಿ, ಸೌತೆಕಾಯಿ, ಎಳ್ಳುಂಡೆ ಇಟ್ಟರೆ ಮಕ್ಕಳು ಕೊಳ್ಳುತ್ತಾರೆ. ನೀವೇ ಮೊದಲ ಗಿರಾಕಿಯಾಗಿ. ಚಹದ ಜೊತೆ ಬಿಸ್ಕತ್ತು ತರಿಸುವ ಶಿಕ್ಷಕರ ಕೋಣೆಯನ್ನು ಮಕ್ಕಳು ದಿನವೂ ನೋಡುತ್ತಿರುತ್ತಾರೆ.

ಪ್ರಶ್ನೆ: ಮಗಳಿಗೆ ಹದಿಮೂರು. ಶಾಲೆಯ ಖೋ-ಖೋ ತಂಡದಲ್ಲಿದ್ದಳು. ದೊಡ್ಡವಳಾದ ಮೇಲೆ ಮನೆಯವರು ಆಟ ಬಿಡಿಸಿದರು. ಒಂದು ವರ್ಷದಲ್ಲಿ ಒಂಬತ್ತು ಕಿಲೋ ಏರಿದ್ದಾಳೆ, ಮಾತೂ ಕಡಿಮೆಯಾಗಿದೆ. ಯಾವ ಔಷಧಿ ಕೊಡಿಸಲಿ?
– ತಂದೆ, ಹರಿಹರ

ಉತ್ತರ: ಔಷಧಿ ಬೇಡ. ಮತ್ತೆ ಖೋ-ಖೋ ಆಡಲು ಬಿಡಿ. ನಾಳೆಯೇ ಶಾಲೆಗೆ ಹೋಗಿ ದೈಹಿಕ ಶಿಕ್ಷಕರಿಗೆ ‘ನನ್ನ ಮಗಳನ್ನು ತಂಡಕ್ಕೆ ಸೇರಿಸಿಕೊಳ್ಳಿ’ ಎಂದು ನೀವೇ ಹೇಳಿ ಬನ್ನಿ. ಇದು ತಂದೆಯ ಬಾಯಿಂದ ಬಂದರೆ ಮನೆಯಲ್ಲಿ ಆ ಮಾತಿಗೆ ತೂಕ ಬೇರೆ. ಮುಟ್ಟಿನ ದಿನಗಳಲ್ಲೂ ಹುಡುಗಿಗೆ ಹಿತವೆನಿಸಿದರೆ ಆಡಬಹುದು, ದೇಹಕ್ಕೆ ಯಾವ ಹಾನಿಯೂ ಇಲ್ಲ.

ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇಕಡ 81 ಮಂದಿ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಮಾಡುತ್ತಿಲ್ಲವೆಂದು 2016ರ ಅಂಕಿಅಂಶಗಳು ಹೇಳುತ್ತವೆ. ಹುಡುಗಿಯರಲ್ಲಿ ಇದು ಶೇಕಡ 85. ಅನುಕೂಲಸ್ಥರು ಮಗಳನ್ನು ಹಣ ಕೊಟ್ಟು ಬ್ಯಾಡ್ಮಿಂಟನ್ ತರಬೇತಿಗೆ, ಈಜುಕೊಳಕ್ಕೆ ಸೇರಿಸುತ್ತಾರೆ. ಉಳಿದವರ ಹೆಣ್ಣುಮಕ್ಕಳಿಗೆ ಇರುವುದು ಶಾಲೆಯ ಮೈದಾನವೊಂದೇ. ಅದೂ ತಪ್ಪಿದರೆ ಬೇರೆ ದಾರಿಯಿಲ್ಲ. ದಾವಣಗೆರೆಯಲ್ಲಿ ಮೈದಾನವೇ ಇಲ್ಲದೆ, ವಾಣಿಜ್ಯ ಮಳಿಗೆಗಳ ಮೇಲಿನ ಮಹಡಿಯಲ್ಲಿ ನಡೆಯುವ ಶಾಲೆಗಳನ್ನು ನೋಡಿದಾಗ ನನಗೆ ಕೋಪ ಬರುತ್ತದೆ. ಬಡಾವಣೆ ಮಾಡುವಾಗ ಮಕ್ಕಳಿಗೆಂದು ಬಿಟ್ಟ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ಹೊರಟಾಗ ಓಣಿಯವರು ಸೇರಿ ಪಾಲಿಕೆಗೆ ಅರ್ಜಿ ಕೊಡಬೇಕು. ಸಂಜೆ ಆರರ ಮೇಲೂ ಆ ಮೈದಾನದಲ್ಲಿ ದೀಪ ಉರಿಯುವಂತೆ ನೋಡಿಕೊಳ್ಳಬೇಕು. ದೀಪವಿಲ್ಲದ ಮೈದಾನಕ್ಕೆ ಯಾವ ತಾಯಿ ಮಗಳನ್ನು ಕಳುಹಿಸುತ್ತಾಳೆ?

ಮಾತು ಕಡಿಮೆಯಾಗಿದೆ ಎಂದಿದ್ದೀರಿ. ಆಟಕ್ಕೆ ಮರಳಿ ಒಂದು ತಿಂಗಳಾದ ಮೇಲೂ ಹಾಗೆಯೇ ಇದ್ದರೆ ಆಪ್ತಸಮಾಲೋಚಕರನ್ನು ಕಾಣಿ.

ಪ್ರಶ್ನೆ: ನಾನು ಹೊಸದುರ್ಗದವನು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ವಯಸ್ಸು 19, ಎತ್ತರ 172 ಸೆಂ.ಮೀ., ತೂಕ 84 ಕಿಲೋ. ಪಿ.ಜಿ.ಯಲ್ಲಿದ್ದೇನೆ. ರಾತ್ರಿ ಊಟ ಬಿಟ್ಟಿದ್ದೇನೆ. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳಲೇ ಅಥವಾ ಪ್ರೋಟೀನ್ ಪುಡಿ ಸಾಕೇ?
– ವಿದ್ಯಾರ್ಥಿ

ಉತ್ತರ: ಎರಡೂ ಈಗ ಬೇಡ, ತಮ್ಮಾ. ಆ ಇಂಜೆಕ್ಷನ್‌ಗಳು ನಿಜವಾದ ಔಷಧಗಳೇ, ಕೆಲವರಿಗೆ ಬೇಕೂ ಆಗುತ್ತವೆ. ಆದರೆ ವೈದ್ಯರ ಪರೀಕ್ಷೆಯಿಲ್ಲದೆ, ಗೆಳೆಯನ ಮಾತು ಕೇಳಿ ಚುಚ್ಚಿಕೊಳ್ಳುವಂಥವಲ್ಲ. ನಿಲ್ಲಿಸಿದ ಮೇಲೆ ತೂಕ ಮರಳುವುದೂ ಸಾಮಾನ್ಯ. ಪುಡಿಯ ಡಬ್ಬಕ್ಕೆ ಮನೆಯಿಂದ ಬಂದ ಸಾವಿರಾರು ರೂಪಾಯಿ ಸುರಿಯಬೇಡ. ಅದರ ಒಂದು ಪಾಲಿನಲ್ಲಿ ತಿಂಗಳಿಡೀ ಮೊಟ್ಟೆ, ಮೊಳಕೆ ಹೆಸರುಕಾಳು, ಮೊಸರು ಬರುತ್ತದೆ.

ರಾತ್ರಿ ಊಟ ಬಿಟ್ಟವರು ಹನ್ನೊಂದು ಗಂಟೆಗೆ ಏನು ತಿನ್ನುತ್ತಾರೆ ಎಂಬುದು ಹಾಸ್ಟೆಲಿನಲ್ಲಿ ಇದ್ದವರಿಗೆಲ್ಲ ಗೊತ್ತು: ಎಗ್ ರೈಸ್, ಗೋಬಿ ಮಂಚೂರಿ, ಜೊತೆಗೊಂದು ಕೋಲಾ. ಎಂಟು ಗಂಟೆಗೆ ಎರಡು ಚಪಾತಿ ಅಥವಾ ಒಂದು ಮುದ್ದೆ, ಕಾಳಿನ ಸಾರು, ಮಜ್ಜಿಗೆ ಉಣ್ಣು. ನಿನ್ನ ಊರಿನ ಕಡೆಯವರು ತಲೆಮಾರುಗಳಿಂದ ಉಂಡ ಊಟವದು. ಕಾಲೇಜಿಗೆ ನಡೆದು ಹೋಗು. ವಾರದಲ್ಲಿ ಮೂರು ನಾಲ್ಕು ದಿನ ಬೆಳಗಿನ ಹೊತ್ತು ಕುಂದವಾಡ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆದರೆ ಜಿಮ್ಮಿನ ಶುಲ್ಕವೂ ಉಳಿಯುತ್ತದೆ.

ನಮ್ಮವರಲ್ಲಿ ತೂಕಕ್ಕಿಂತ ಸೊಂಟದ ಅಳತೆ ಹೆಚ್ಚು ನಿಜ ಹೇಳುತ್ತದೆ. ಭಾರತೀಯ ಗಂಡಸರಿಗೆ 90 ಸೆಂ.ಮೀ. ಮಿತಿ, ಹೆಂಗಸರಿಗೆ 80. ಹೊಕ್ಕಳ ಮಟ್ಟದಲ್ಲಿ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಟೇಪು ಹಿಡಿದು ನೋಡು. ಮಿತಿ ದಾಟಿದ್ದರೆ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಿಕೊ. ಮನೆಯಲ್ಲಿ ತಂದೆ, ತಾಯಿ, ಅಜ್ಜ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ನೀನು ಬರೆದಿಲ್ಲ. ಮುಂದಿನ ಪತ್ರದಲ್ಲಿ ಅದನ್ನೂ, ಪರೀಕ್ಷೆಯ ವರದಿಯನ್ನೂ, ಸೊಂಟದ ಅಳತೆಯನ್ನೂ ಸೇರಿಸಿ ಕಳುಹಿಸು.